ಕೆಂಪಿಯ ಅಳತೆ

ಈ ತಿಂಗಳು ಅಧಿಕಮಾಸದ ಗಣಿತವನ್ನು ಕುರಿತು ಬರೆಯುವುದಾಗಿ ವಾಚಕ ಮಹಾಶಯರಿಗೆ ಮಾತು ಕೊಟ್ಟಿದ್ದೆವು. ಟಿಪ್ಪಣಿಗಳೂ ಸಿದ್ಧವಾಗಿದ್ದವು. ಅಷ್ಟರಲ್ಲಿ ಒಂದು ಹಸು ಅಡ್ಡ ಬಂದಿತು. ಅಧಿಕಮಾಸವು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ತಪ್ಪದೆ ಬರತಕ್ಕದ್ದು; ಆ ಲೇಖನ ಕಾಯಬಲ್ಲದು. ಹಸುವಿನ ವಿಷಯ ಕಾಯಲಾರದು. ಕಾರಣವು ಮುಂದೆ ತಾನಾಗಿ ತಿಳಿಯುವುದು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಾಚೇನಹಳ್ಳಿಯೆಂಬ ಊರಿದೆ. ಈಗ ಆ ಹೆಸರನ್ನು ಹೇಳಿದರೆ ಜನರಿಗೆ ನೆನಪಾಗುವುದು ಅಲ್ಲಿಯ ಕೈಗಾರಿಕಾ ಪ್ರದೇಶ ಮತ್ತು ಶಿವಮೊಗ್ಗ ಹಾಲು ಒಕ್ಕೂಟದ ದೊಡ್ಡ ಡೈರಿ. ಹಗಲಿರುಳೂ ಹಾಲಿನ ಗಾಡಿಗಳು ಬರುತ್ತ ಹೋಗುತ್ತ ಇರುತ್ತವೆ. ಈ ಊರಿನಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನ ಮನೆ. ಅವನು ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡತಕ್ಕವನು. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಹೆಂಡತಿ, ಏಳನೆಯ ತರಗತಿಯಲ್ಲಿ ಓದುವ ಮಗಳು. ಹಿತ್ತಿಲಿನಲ್ಲಿ ಹೆಂಚಿನ ಸಣ್ಣ ಕೊಟ್ಟಿಗೆ. ಅದರೊಳಗೆ ಕೆಂಪಿ ಎಂಬ ಮಲೆನಾಡಿನ ಗಿಡ್ಡಹಸು ಮತ್ತು ಅದರ ಮೂರು ತಿಂಗಳ ಹೆಣ್ಣುಕರು.

ತಾಯಿಯ ತವರು ತೀರ್ಥಹಳ್ಳಿಯ ಕಡೆ. "ಮದ್ವೆ ಆದ ವರ್ಷ ನಮ್ಮಪ್ಪ ಒಂದು ಗಿಡ್ಡಿ ಕೊಟ್ಟು ಕಳ್ಸಿದ್ದು ಮೇಷ್ಟ್ರೇ. ಇದು ಅದರ ಸಂತಾನ. ಎಷ್ಟನೇ ತಲೆ ಅನ್ನೋ ಲೆಕ್ಕ ನಂಗೇ ತಪ್ಪಿದೆ" ಎಂದು ಆಕೆ ನಮಗೆ ಅನೇಕ ಸಲ ಹೇಳಿದ್ದುಂಟು. ಒಂದು ಕಾಲದಲ್ಲಿ ಎಂಟು ಹತ್ತು ರಾಸುಗಳಿದ್ದ ಮನೆ. ಮೇಯುವ ಬಯಲು ಕಾರ್ಖಾನೆಯಾಯಿತು, ಗೋಮಾಳದ ಅಂಚು ರಸ್ತೆಯಾಯಿತು, ದನ ಒಂದೊಂದಾಗಿ ಹೋದವು. ಉಳಿದದ್ದು ಇದೊಂದೇ.

ಮಗನು ಇದನ್ನೂ ಮಾರಬೇಕೆಂದು ಹೊರಟಿದ್ದನು. ಅವನನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಮಗಳ ಓದಿನ ಖರ್ಚು ವರ್ಷವರ್ಷಕ್ಕೂ ಏರುತ್ತಿದೆ. ಸಾಲ ತೆಗೆದು ಒಂದು ಎಚ್.ಎಫ್. ಹಸುವನ್ನು ಕಟ್ಟಿದರೆ ದಿನಕ್ಕೆ ಇಪ್ಪತ್ತು ಲೀಟರ್ ಹಾಲು ಸಂಘಕ್ಕೆ ಹಾಕಬಹುದು. ಕೊಟ್ಟಿಗೆಯಲ್ಲಿ ಇರುವುದು ಒಂದೇ ಗೊಂತಿನ ಜಾಗ. "ಎರಡು ಲೀಟರ್ ಹಾಲಿಗೆ ಒಂದು ಗೊಂತು ಕೊಟ್ಟು ಕೂತ್ರೆ ಹೆಂಗೆ ಮೇಷ್ಟ್ರೆ?" ಎಂದು ಕೇಳಿದನು. ಉತ್ತರ ಹೇಳಲು ನಮಗೆ ತೋಚಲಿಲ್ಲ. ತಾಯಿಯು ಮಾತನಾಡದೆ ಒಳಕ್ಕೆ ಹೋದಳು.

ಆಗ ನಮ್ಮ ಬಾಯಿಂದ ಒಂದು ಮಾತು ಹೊರಟಿತು. ಆ ಮಾತೇ ಈ ಲೇಖನಕ್ಕೆ ಕಾರಣ. ಹತ್ತಿರದ ಒಂದು ಊರಿನಲ್ಲಿ ಮುಂದಿನ ವಾರ ಪಶುಪ್ರದರ್ಶನವೂ ಹಾಲು ಕರೆಯುವ ಸ್ಪರ್ಧೆಯೂ ನಡೆಯುವುದೆಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ನೋಡಿದ್ದೆವು. "ಕೆಂಪಿಯನ್ನು ಅಲ್ಲಿಗೆ ಕರೆದೊಯ್ದು ನೋಡು. ಬಲ್ಲವರು ಬಹುಮಾನಕ್ಕೆ ಯೋಗ್ಯವೆಂದರೆ ಇಟ್ಟುಕೊ. ಇಲ್ಲವೆಂದರೆ ನಿನ್ನ ಇಷ್ಟ" ಎಂದೆವು. ಅವನು ಕೂಡಲೇ ಒಪ್ಪಿದನು. ಅವನು ಅಷ್ಟು ಬೇಗ ಒಪ್ಪಿದುದೇ ನಮಗೆ ಎಚ್ಚರಿಕೆಯಾಗಬೇಕಾಗಿತ್ತು. ಮೂವತ್ತು ವರ್ಷ ಹುಡುಗರನ್ನು ಪರೀಕ್ಷೆಗೆ ಕಳುಹಿಸಿದ ನಾವು, ಪ್ರಶ್ನಪತ್ರಿಕೆ ಯಾವುದೆಂದು ವಿಚಾರಿಸದೆ ಈ ಬಡಪ್ರಾಣಿಯನ್ನು ಪರೀಕ್ಷೆಗೆ ಒಪ್ಪಿಸಿಬಿಟ್ಟೆವು.

ಹುಡುಗಿಗೆ ಮಾತ್ರ ಪರಮ ಸಂತೋಷ. ಅವಳು ತಂದೆಯ ಫೋನಿನಲ್ಲಿ ಏನನ್ನೋ ಹುಡುಕಿ ತಂದು, "ಮೇಷ್ಟ್ರಜ್ಜ, ಇದ್ನ ನೋಡಿ. ಗಿಡ್ಡ ಕುದುರೆಗಳ ನ್ಯಾಷನಲ್ಸ್" ಎಂದು ನಮ್ಮ ಕೈಗಿತ್ತಳು. ಅಮೆರಿಕಾ ದೇಶದ ಒಂದು ದೊಡ್ಡ ಸಭಾಂಗಣ. ನೆಲಕ್ಕೆಲ್ಲ ಮೆತ್ತನೆಯ ಮಣ್ಣು ಹಾಸಿದೆ. ನಡುವೆ ಒಬ್ಬ ದೊರೆಸಾನಿ ಓಡುತ್ತಿದ್ದಾಳೆ. ಅವಳ ಸೊಂಟದೆತ್ತರದ ಕುದುರೆಯೊಂದು ಪಕ್ಕದಲ್ಲಿ ಓಡಿ ಬೇಲಿಗಳನ್ನು ನೆಗೆಯುತ್ತಿದೆ. ನಾವು ಮೊದಲು ಅದನ್ನು ಮರಿಯೆಂದೇ ತಿಳಿದೆವು. ಮರಿಯಲ್ಲ, ಪ್ರಾಯ ತುಂಬಿದ ಗಂಡುಕುದುರೆ.

ಅಂದು ರಾತ್ರಿ ನಮಗೂ ಕುತೂಹಲ ಹುಟ್ಟಿ ಕೆಲವು ಸಂಗತಿಗಳನ್ನು ಓದಿ ತಿಳಿದುಕೊಂಡೆವು. ಈ ಕಿರಿಯ ಕುದುರೆಗಳಿಗಾಗಿಯೇ ಅಮೆರಿಕಾದಲ್ಲಿ 1978ರಲ್ಲಿ ಒಂದು ಸಂಘ ಸ್ಥಾಪಿತವಾಯಿತು. ಅದರ ನಿಯಮದಂತೆ ಕುದುರೆಯ ಎತ್ತರ 34 ಇಂಚನ್ನು ಮೀರಕೂಡದು. ಸಾಮಾನ್ಯ ಕುದುರೆಯ ಎತ್ತರವನ್ನು ಹೆಗಲಿನ ದಿಬ್ಬದಲ್ಲಿ ಅಳೆಯುತ್ತಾರೆ. ಇವುಗಳಿಗೆ ಕತ್ತಿನ ಜೂಲಿನ ಕೊನೆಯ ಕೂದಲು ಬೆನ್ನಿಗೆ ಸೇರುವಲ್ಲಿ ಅಳತೆ. ಇನ್ನೊಂದು ಸಂಘವು 38 ಇಂಚಿನವರೆಗಿನ ಕುದುರೆಗಳಿಗೂ ಬೇರೆ ವರ್ಗವನ್ನು ಕಲ್ಪಿಸಿದೆ. ಅದರ ರಾಷ್ಟ್ರೀಯ ಪ್ರದರ್ಶನವು ಓಕ್ಲಹೋಮಾ ಸಂಸ್ಥಾನದ ಟಲ್ಸಾ ನಗರದಲ್ಲಿ ಅನೇಕ ವರ್ಷ ನಡೆದುದುಂಟು. ಸ್ಪರ್ಧೆಗೆ ಮುಂಚೆ ಅಳತೆಗೋಲು. ಗೋಲು ದಾಟಿದರೆ ಎಂತಹ ಸುಂದರವಾದ ಕುದುರೆಗೂ ಆ ವರ್ಗದಲ್ಲಿ ಸ್ಥಾನವಿಲ್ಲ. ಪ್ರೌಢರು ಇವುಗಳನ್ನು ಏರುವುದಿಲ್ಲ. ಹಗ್ಗ ಹಿಡಿದು ನಡೆಸುವುದು, ಜೊತೆಯಲ್ಲಿ ಓಡಿ ಬೇಲಿ ನೆಗೆಸುವುದು, ಹಗುರವಾದ ಗಾಡಿಗೆ ಹೂಡುವುದು, ಇವೇ ಪಂದ್ಯಗಳು.

ಇವುಗಳ ಪೂರ್ವಜರಲ್ಲಿ ಕೆಲವು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ತಟ್ಟುಗಳು. 1842ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರನ್ನೂ ಹತ್ತು ವರ್ಷಕ್ಕೆ ಕೆಳಗಿನ ಬಾಲಕರನ್ನೂ ಗಣಿಯೊಳಗೆ ದುಡಿಸಬಾರದೆಂದು ಕಾಯಿದೆಯಾದ ಮೇಲೆ, ತಗ್ಗಾದ ಸುರಂಗಗಳಲ್ಲಿ ಕಲ್ಲಿದ್ದಲಿನ ಗಾಡಿಯೆಳೆಯಲು ಈ ತಟ್ಟುಗಳನ್ನು ಬಹಳವಾಗಿ ಇಳಿಸಿದರು. ಮಕ್ಕಳ ಹೊರೆಯು ಗಿಡ್ಡ ಪ್ರಾಣಿಯ ಹೆಗಲಿಗೆ ಬಂದಿತು. ಇಂದು ಅವುಗಳ ವಂಶದವು ರೇಷ್ಮೆಯಂತೆ ಜೂಲು ಬಾಚಿಸಿಕೊಂಡು ದೀಪಗಳ ಕೆಳಗೆ ನಿಂತಿರುವುದನ್ನು ಕಂಡರೆ ಸಂತೋಷಪಡಬೇಕೋ ನಗಬೇಕೋ ತಿಳಿಯದು.

ಆದರೆ ಆ ಸಂಘದ ನಿಯಮಗಳಲ್ಲಿ ಒಂದು ನಮ್ಮ ಮನಸ್ಸನ್ನು ಹಿಡಿಯಿತು. ಬರಿಯ ಗಿಡ್ಡತನಕ್ಕೆ ಅಲ್ಲಿ ಮನ್ನಣೆಯಿಲ್ಲ. ತಲೆ ದೊಡ್ಡದು, ಕಾಲು ಮೋಟು, ಬೆನ್ನು ಸೊಟ್ಟ, ಇಂತಹ ಕುಬ್ಜಲಕ್ಷಣ ಕಂಡರೆ ಅದು ದೋಷ. ಪಕ್ಕದಲ್ಲಿ ಮನುಷ್ಯನೋ ಮರವೋ ಇಲ್ಲದ ಚಿತ್ರದಲ್ಲಿ ನೋಡಿದರೆ ಇದು ಪೂರ್ಣಪ್ರಮಾಣದ ಕುದುರೆಯೇ ಎಂದು ಭ್ರಮೆಯಾಗಬೇಕು. ಅಂಗಾಂಗಗಳ ಅನುಪಾತ ಹಾಗಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವನ್ನು ಓದಿದವರಿಗೆ ಇಲ್ಲಿ ಒಂದು ತಾರತಮ್ಯ ಹೊಳೆಯದಿರದು. ಆತನ ಲೆಕ್ಕದಲ್ಲಿ ಉತ್ತಮಾಶ್ವದ ಮುಖ 32 ಅಂಗುಲ. ಎತ್ತರವು ಜಂಘೆಯ ನಾಲ್ಕು ಪಾಲು, ಉದ್ದವು ಮುಖದ ಐದು ಪಾಲು. ಮಧ್ಯಮಕ್ಕೆ ಮೂರು ಅಂಗುಲ ಕಡಿಮೆ, ಅವರಕ್ಕೆ ಮತ್ತೂ ಮೂರು ಕಡಿಮೆ. ಅನುಪಾತವನ್ನು ಅವನೂ ಹೇಳಿದನು. ಆದರೆ ಯುದ್ಧಕ್ಕೆ ಕುದುರೆ ಬೇಕಾಗಿದ್ದುದರಿಂದ ಕುಗ್ಗಿದಷ್ಟೂ ಕೀಳೆಂದು ಎಣಿಸಿದನು. ಸಂಸ್ಕೃತ ವ್ಯಾಕರಣದ ಮೊದಲ ಪಾಠದಲ್ಲಿ ನಾವು ಹುಡುಗರಿಗೆ ಹೇಳುತ್ತಿದ್ದುದೇನೆಂದರೆ, ಹ್ರಸ್ವವು ಕೆಟ್ಟುಹೋದ ದೀರ್ಘವಲ್ಲ. ಒಂದು ಮಾತ್ರೆಯ ಕಾಲದಲ್ಲಿ ಅದು ತಾನೇ ಒಂದು ಪೂರ್ಣವಾದ ಸ್ವರ. ಹುಡುಗರು ತಲೆಯಾಡಿಸಿ ಕಾಗುಣಿತದಲ್ಲಿ ತಪ್ಪು ಮಾಡುತ್ತಲೇ ಇದ್ದರು, ಅದು ಬೇರೆ ಮಾತು.

ಇರಲಿ. ಗೊತ್ತಾದ ದಿವಸ ಸಾಯಂಕಾಲ ಕೆಂಪಿಯನ್ನೂ ಕರುವನ್ನೂ ಲಗೇಜು ಆಟೋದಲ್ಲಿ ಹತ್ತಿಸಿಕೊಂಡು ಹೊರಟೆವು. ಸ್ಪರ್ಧೆಯ ಹಿಂದಿನ ಸಂಜೆಯೇ ಹಸುಗಳು ಅಲ್ಲಿರಬೇಕೆಂದು ನಿಯಮ. ಏಕೆಂದರೆ ಆ ಸಂಜೆ ಎಲ್ಲರೆದುರಿಗೆ ಕೆಚ್ಚಲನ್ನು ಪೂರ್ತಿ ಬರಿದುಮಾಡಿ, ಮಾರನೆಯ ದಿನದ ಬೆಳಗ್ಗೆ ಮತ್ತು ಸಂಜೆಯ ಹಾಲನ್ನು ತೂಗುತ್ತಾರೆ. ಒಳ್ಳೆಯ ನಿಯಮ, ಮೋಸಕ್ಕೆ ಎಡೆಯಿಲ್ಲ. ಅಜ್ಜಿಯು ಕೆಂಪಿಗೆ ಬಿಸಿನೀರು ಹುಯ್ದು, ಕೊಂಬಿಗೆ ಹರಳೆಣ್ಣೆ ಹಚ್ಚಿ, ಕೊರಳಿಗೆ ಹಳೆಯ ಗಗ್ಗರವನ್ನು ಕಟ್ಟಿದ್ದಳು. ದೊಡ್ಡ ಹಸುವೊಂದಕ್ಕೆ ಇಡೀ ಟೆಂಪೊ ಬೇಕು. ನಮ್ಮ ಕೆಂಪಿ, ಕರು, ಅಜ್ಜಿ, ಮೊಮ್ಮಗಳು, ಹುಲ್ಲಿನ ಕಟ್ಟು, ಇಷ್ಟೂ ಆಟೋದ ಹಿಂಬದಿಯಲ್ಲಿ ಹಿಡಿಸಿದವು. ಅನುಕೂಲವೆಂದರೆ ಇದೂ ಒಂದು ಅನುಕೂಲವಷ್ಟೆ.

ಹೆಸರು ಬರೆಯುವ ಮೇಜಿನ ಹತ್ತಿರ ಮೊದಲನೆಯ ವಿಘ್ನ ಕಾದಿತ್ತು. ಗುಮಾಸ್ತನು ಹಾಳೆಯಿಂದ ತಲೆಯೆತ್ತಿ ಕೆಂಪಿಯನ್ನು ನೋಡಿ, "ಕರುಗಳ ವಿಭಾಗ ಆ ಕಡೆ" ಎಂದನು. ಅಜ್ಜಿಗೆ ಸಿಟ್ಟು ಬಂದಿತು. "ಕರು ಇದರ ಬಾಲದ ಹಿಂದೆ ಐತೆ, ಕಣ್ಣು ಬಿಟ್ಟು ನೋಡಪ್ಪ. ಇದು ನಾಲ್ಕು ಸೂಲು ಕಂಡ ತಾಯಿ" ಎಂದಳು. ಸುತ್ತ ಇದ್ದವರು ನಕ್ಕರು. ಅಲ್ಲಿಗೆ ಬಂದ ಒಬ್ಬ ಅನುಭವಸ್ಥ ರೈತರು ಕೆಂಪಿಯ ಬಾಯಿ ಬಿಡಿಸಿ ತೋರಿಸಿದರು. ಹಸುವಿನ ಬಾಯಿಯ ಮುಂಭಾಗದಲ್ಲಿ ಹಲ್ಲಿರುವುದು ಕೆಳದವಡೆಯಲ್ಲಿ ಮಾತ್ರ; ಎಂಟು ಹಾಲುಹಲ್ಲು. ಸುಮಾರು ಎರಡು ವರ್ಷಕ್ಕೆ ನಡುವಿನ ಜೊತೆ ಬಿದ್ದು ದೊಡ್ಡ ಹಲ್ಲು ಬರುತ್ತದೆ. ಆಗ ಅದನ್ನು ಎರಡು ಹಲ್ಲಿನದು ಎನ್ನುತ್ತಾರೆ. ಹಾಗೆಯೇ ನಾಲ್ಕು, ಆರು. ಎಂಟೂ ಬಂದರೆ ಬಾಯಿಗೂಡಿತು ಎನ್ನುತ್ತಾರೆ. ಕೆಂಪಿ ಬಾಯಿಗೂಡಿ ವರ್ಷಗಳಾಗಿ ಹಲ್ಲು ಸವೆಯಲು ಆರಂಭವಾಗಿತ್ತು. ಗುಮಾಸ್ತನು ಅಡ್ಡಗೆರೆ ಎಳೆದು ಹಸುಗಳ ಹಾಳೆಯಲ್ಲಿ ಬರೆದನು. ತಳಿ ಎಂಬ ಕಲಮಿನಲ್ಲಿ ಮಿಶ್ರತಳಿಗೆ, ಹಳ್ಳಿಕಾರಿಗೆ, ಗೀರಿಗೆ ಜಾಗವಿತ್ತು, ಕೆಂಪಿಗೆ ಇರಲಿಲ್ಲ. "ಇತರೆ" ಎಂದು ಬರೆದು ಕೈತೊಳೆದುಕೊಂಡನು. ನಮ್ಮ ಶಿಷ್ಯನು ಅದನ್ನು ಓದಿ ನಮ್ಮ ಮುಖ ನೋಡಿದನು.

ಬೆಳಗಿನ ಜಾವ ಕರೆತ ಆರಂಭವಾಯಿತು. ಸಾಲುಸಾಲಾಗಿ ಕಪ್ಪುಬಿಳುಪಿನ ದೊಡ್ಡ ಹಸುಗಳು. ಕೆಲವಕ್ಕೆ ಯಂತ್ರ, ಕೆಲವಕ್ಕೆ ಎರಡೂ ಪಕ್ಕದಲ್ಲಿ ಕುಳಿತು ಕರೆಯುವ ಗಟ್ಟಿಗರು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಮಳೆಗಾಲದ ಸೂರುನೀರಿನಂತೆ ಕೇಳುತ್ತಿತ್ತು. ನೋಡಲು ಅದು ಅತ್ಯಂತ ಆನಂದಕರವಾದ ದೃಶ್ಯವೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ನಮ್ಮ ಕೆಂಪಿಯೋ, ಇಷ್ಟು ಜನರನ್ನು ಕಂಡು ಹಾಲನ್ನು ಇಳಿಸಲೇ ಇಲ್ಲ. ಕರುವನ್ನು ಬಿಟ್ಟು, ಅಜ್ಜಿಯು ಗಂಗೆದೊಗಲನ್ನು ಸವರಿ, ಏನೇನೋ ಪಿಸುಗುಟ್ಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿತು. ಅಜ್ಜಿ ಮನೆಯಿಂದ ತಂದ ತಂಬಿಗೆಯಲ್ಲೇ ಕರೆದಳು. ತೂಕ ಹಾಕುವವನು ತಂಬಿಗೆಯನ್ನು ಕಂಡು, "ಇದು ಕಾಫಿಗೋ ಸ್ಪರ್ಧೆಗೋ?" ಎಂದು ಕೇಳಿದನು. ಬೆಳಗ್ಗೆ 1.1 ಕಿಲೋ, ಸಂಜೆ 1 ಕಿಲೋ, ಒಟ್ಟು 2.1 ಕಿಲೋ. ಮೊದಲ ಸ್ಥಾನ ಪಡೆದ ಹಸುವಿನದು 31 ಕಿಲೋ.

ಈ ನಡುವೆ ಮಧ್ಯಾಹ್ನ ನಾವು ಒಂದು ಸಾಹಸಕ್ಕೆ ಕೈಹಾಕಿದ್ದೆವು. ಸಣ್ಣ ದೇಹಕ್ಕೆ ಸಣ್ಣ ಹಾಲು, ದೊಡ್ಡ ದೇಹಕ್ಕೆ ದೊಡ್ಡ ಹಾಲು. ಆದುದರಿಂದ ತೂಕಕ್ಕೆ ತಕ್ಕಂತೆ ಭಾಗಿಸಿ ನೋಡಿದರೆ ಕೆಂಪಿಯ ಮಾನ ಉಳಿಯುವುದೆಂದು ನಮ್ಮ ಊಹೆ. ದನದ ತೂಕವನ್ನು ತಕ್ಕಡಿಯಿಲ್ಲದೆ ತಿಳಿಯುವ ಒಂದು ಸೂತ್ರವಿದೆ. ಗೃಹಸ್ಥರಿಗೆ ಉಪಯೋಗವಾದೀತೆಂದು ಹೇಳುತ್ತೇವೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಬೇಕು. ಭುಜದ ಮೂಳೆಯಿಂದ ಹಿಂಬದಿಯ ಪಿರ್ರೆಯ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 300ರಿಂದ ಭಾಗಿಸಿದರೆ ಪೌಂಡುಗಳಲ್ಲಿ ತೂಕ ಬರುತ್ತದೆ. ಕೆಂಪಿಯ ಸುತ್ತಳತೆ 44, ಉದ್ದ 36. ಅಂದರೆ 232 ಪೌಂಡು, ಸುಮಾರು 105 ಕಿಲೋ. ಗೆದ್ದ ಹಸುವು ಹೆಚ್ಚುಕಡಿಮೆ 500 ಕಿಲೋ ಇದ್ದೀತೆಂದು ಅದರ ಯಜಮಾನನೇ ಹೇಳಿದನು. ಸಂಜೆಯ ಹಾಲು ತೂಗಿದ ಮೇಲೆ ತ್ರೈರಾಶಿಕವನ್ನು ಮಾಡಿದೆವು. ನೂರು ಕಿಲೋ ದೇಹಕ್ಕೆ ಅದರದು ಆರು ಕಿಲೋಗೂ ಮೇಲೆ, ಕೆಂಪಿಯದು ಎರಡು. ಎರಡು ಸಲ ಭಾಗಿಸಿ ನೋಡಿದೆವು. ಗಣಿತವು ಮೇಷ್ಟ್ರ ಮುಖವನ್ನು ನೋಡಿ ಬದಲಾಗುವುದಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆವು.

ಆ ಕಾಗದವನ್ನು ನೋಡಿ ಅಜ್ಜಿಯು "ಏನು ಬರ್ದಿರಿ?" ಎಂದು ಕೇಳಿದಳು. ಇದ್ದುದನ್ನು ಇದ್ದಂತೆ ಹೇಳಿದೆವು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಹಾಲಿಗೇ ನೋಡೋದಾದ್ರೆ ಅದೇ ಗೆಲ್ಬೇಕು, ಅದ್ರಲ್ಲೇನು? ಆ ಯಜಮಾನ್ರನ್ನ ಕೇಳಿ, ದಿನಕ್ಕೆ ಹಿಂಡಿ ಬೂಸ ಎಷ್ಟು ಅಂತ." ಕೇಳಿದೆವು. ದಿನಕ್ಕೆ 14 ಕಿಲೋ, ಹಸಿಹುಲ್ಲು ಬೇರೆ, ಬೇಸಿಗೆಯಲ್ಲಿ ಎರಡು ಫ್ಯಾನು, ತಿಂಗಳಿಗೊಮ್ಮೆಯಾದರೂ ಡಾಕ್ಟರು. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. "ನಮ್ಮದು ಅಕ್ಕಚ್ಚು ಕುಡಿದು, ಒಂದು ಹಿಡಿ ತೌಡು ತಿಂದು, ರಸ್ತೆಬದಿ ಮೇಯ್ದು ಬರ್ತದೆ. ಮಳೇಲಿ ನೆಂದ್ರೂ ಮುಲುಕೋದಿಲ್ಲ. ಡಾಕ್ಟ್ರ ಕೈ ನೋಡಿದ್ದು ಒಂದೇ ಸಲ. ಅದ್ರ ಹಾಲಿನ ದುಡ್ಡು ಹಿಂಡಿ ಅಂಗಡಿ ಬಾಗ್ಲು ತಟ್ಟಿ ಮನೆಗೆ ಬರ್ಬೇಕು. ಇದ್ರದ್ದು ನೇರ ಒಲೆಗೆ ಬರ್ತದೆ" ಎಂದಳು. ನಮ್ಮ ಶಿಷ್ಯನು ಕೇಳುತ್ತ ನಿಂತಿದ್ದನು. "ಒಲೆಗೆ ಬಂದದ್ದು ಶಾಲೆ ಫೀಸಿಗೆ ಆಗಲ್ಲಮ್ಮ" ಎಂದನು. ಆ ಮಾತೂ ಸುಳ್ಳಲ್ಲ.

ತೀರ್ಪುಗಾರರ ತಂಡದಲ್ಲಿ ಒಬ್ಬ ತರುಣ ಪಶುವೈದ್ಯೆ ಇದ್ದರು. ಸಂಜೆ ಎಲ್ಲ ಮುಗಿದು ಜನರು ಬಹುಮಾನದ ಪೀಠದ ಕಡೆಗೆ ಹೋಗುತ್ತಿದ್ದಾಗ ಅವರು ನಮ್ಮ ಕಡೆಗೆ ಬಂದು, ಚೀಲದಿಂದ ಟೇಪನ್ನು ತೆಗೆದು, ಅಪ್ಪಣೆ ಕೇಳಿ, ಕೆಂಪಿಯನ್ನು ಅಳೆಯತೊಡಗಿದರು. ಎತ್ತರ, ಉದ್ದ, ಎದೆಯ ಸುತ್ತು, ಮುಖದ ಉದ್ದ, ಕಿವಿ, ಕೊಂಬು, ಬಾಲ. ಒಂದೊಂದನ್ನೂ ಬರೆದುಕೊಂಡರು. ಹುಡುಗಿಯು ಉಸಿರು ಬಿಗಿಹಿಡಿದು, "ಎತ್ತರ ಎಷ್ಟು ಮೇಡಂ, ಇಂಚಿನಲ್ಲಿ?" ಎಂದು ಕೇಳಿದಳು. 35. ಹುಡುಗಿಯ ಮುಖ ಬಾಡಿತು. "ಒಂದಿಂಚು ಜಾಸ್ತಿ ಆಯ್ತಲ್ಲ ಮೇಷ್ಟ್ರಜ್ಜ! ಅಮೆರಿಕಾದಲ್ಲಾಗಿದ್ರೆ ಬಾಗಿಲಿಂದಲೇ ವಾಪಸ್" ಎಂದಳು. ಆ ದಿನದಲ್ಲಿ ಕೆಂಪಿಯು ದೊಡ್ಡದಾಯಿತೆಂದು ವ್ಯಸನಪಟ್ಟವರು ಇವರೊಬ್ಬರೇ.

ವೈದ್ಯೆಯು ನಕ್ಕು, ತಮ್ಮ ಹಾಳೆಯನ್ನು ತೋರಿಸಿ ನಮಗೆ ವಿವರಿಸಿದರು. ಇದು ದೊಡ್ಡ ದನ ಕೆಟ್ಟು ಗಿಡ್ಡವಾದುದಲ್ಲ. ತಲೆ ದೇಹಕ್ಕೆ ತಕ್ಕದ್ದು, ಕಾಲು ದೇಹಕ್ಕೆ ತಕ್ಕದ್ದು, ಗೊರಸು ಚಿಕ್ಕದಾಗಿ ಗಟ್ಟಿ. ಸುರಿಮಳೆಯಲ್ಲಿ ಸಾರ ತೊಳೆದುಹೋದ ಮಣ್ಣು, ಬಿರುಸಾದ ಹುಲ್ಲು, ಜಾರುವ ಗುಡ್ಡ. ಅಲ್ಲಿ ಕಡಿಮೆ ತಿಂದು ಹಗುರವಾಗಿ ಏರಿಳಿಯುವ ದೇಹವೇ ಬಾಳುತ್ತದೆ. ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಹರಡಿರುವ ಈ ದನಕ್ಕೆ ಊರದನ, ಗಿಡ್ಡ, ವರ್ಷಗಂಧಿ ಎಂದೆಲ್ಲ ಹೆಸರು. ವರ್ಷವರ್ಷವೂ ಈಯುವುದರಿಂದ ಕೊನೆಯ ಹೆಸರು. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯ ತಳಿಪಟ್ಟಿಯಲ್ಲಿ, ಹಳ್ಳಿಕಾರ್, ಅಮೃತಮಹಲ್, ಕಿಲಾರಿ, ದೇವಣಿ, ಕೃಷ್ಣಾ ಕಣಿವೆಯ ದನಗಳಂತೆಯೇ ಮಲೆನಾಡು ಗಿಡ್ಡಕ್ಕೂ ಸ್ವತಂತ್ರ ಸ್ಥಾನವುಂಟು. ಇಷ್ಟನ್ನು ಹೇಳಿ ಅವರು ಗುಮಾಸ್ತನ ಹಾಳೆಯನ್ನು ತರಿಸಿ, "ಇತರೆ" ಎಂಬುದನ್ನು ಹೊಡೆದುಹಾಕಿ, ಸ್ಪಷ್ಟವಾದ ಅಕ್ಷರಗಳಲ್ಲಿ "ಮಲೆನಾಡು ಗಿಡ್ಡ, ಲಕ್ಷಣ ಉತ್ತಮ" ಎಂದು ಬರೆದು ರುಜು ಮಾಡಿದರು.

"ಹಾಗಿದ್ರೆ ಬಹುಮಾನ?" ಎಂದು ನಮ್ಮ ಶಿಷ್ಯನು ಕೇಳಿದನು.

"ಈ ವರ್ಷ ಇದಕ್ಕೆ ವಿಭಾಗವೇ ಇಲ್ಲವಲ್ಲ. ಇದೊಂದೇ ಬಂದಿದೆ. ಹತ್ತು ಬಂದರೆ ಮುಂದಿನ ವರ್ಷ ಬೇರೆ ವಿಭಾಗ ಮಾಡಿ ಎಂದು ನಾನೇ ಕೇಳುತ್ತೇನೆ" ಎಂದರು.

ಬಹುಮಾನಗಳ ಹಂಚಿಕೆಯಾಯಿತು. ಭಾಗವಹಿಸಿದವರಿಗೆಲ್ಲ ಸಮಾಧಾನಕ್ಕೆಂದು ಒಂದೊಂದು ಸ್ಟೀಲಿನ ಬಕೆಟ್ಟು ಕೊಟ್ಟರು. ಹದಿನೈದು ಲೀಟರಿನದು, ಕೆಂಪಿಯ ಒಂದು ವಾರದ ಹಾಲು ಅದರಲ್ಲಿ ಹಿಡಿಸೀತು.

ಹಿಂದಿರುಗುವಾಗ ಆಟೋದ ಮುಂದಿನ ಸೀಟಿನಲ್ಲಿ ಶಿಷ್ಯನ ಪಕ್ಕ ನಾವು ಕುಳಿತೆವು. ಪಂಥ ನಮ್ಮದು, ಸೋತವರೂ ನಾವು. ಮಾತನ್ನು ಹಿಂತೆಗೆದುಕೊಳ್ಳುವುದು ಗುರುಸ್ಥಾನಕ್ಕೆ ತಕ್ಕುದಲ್ಲ, ಸುಮ್ಮನಿರುವುದೂ ಆಗದು. ಅಮೃತಮಹಲಿನ ಕಥೆಯನ್ನು ಹೇಳಿದೆವು. ನಮ್ಮ ನೆರೆಯ ಅಜ್ಜಂಪುರದಲ್ಲಿ ಇಂದಿಗೂ ಆ ದನಗಳ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಹೆಸರು; ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ಹೆಸರು ಬೆಣ್ಣೆಯದಾದರೂ ಕೀರ್ತಿ ಬಂದುದು ಹಾಲಿನಿಂದಲ್ಲ, ನಡಿಗೆಯಿಂದ. ಹೈದರನ ಸೈನ್ಯವನ್ನು ಎರಡೂವರೆ ದಿನಗಳಲ್ಲಿ ನೂರು ಮೈಲು ಸಾಗಿಸಿದ ದನವೆಂದು ಪ್ರಸಿದ್ಧಿ. ಅದರ ಕೆಳಗೆ ಬಕೆಟ್ಟು ಹಿಡಿದು ಯಾರೂ ಪರೀಕ್ಷಿಸಲಿಲ್ಲ. ಆದರೆ 1860ರಲ್ಲಿ ಖರ್ಚು ಉಳಿಸಬೇಕೆಂದು ಸರ್ಕಾರದವರು ಆ ಹಿಂಡನ್ನು ಒಡೆದು ಮಾರಿಬಿಟ್ಟರು. ಆಮೇಲೆ ತಪ್ಪು ಗೊತ್ತಾಗಿ, 1866ರಲ್ಲಿ ಅಲ್ಲಿಂದ ಇಲ್ಲಿಂದ ಹುಡುಕಿ ಮತ್ತೆ ಕಟ್ಟಬೇಕಾಯಿತು. "ಅವ್ರು ಸರ್ಕಾರ ಮೇಷ್ಟ್ರೆ, ಹುಡುಕಿ ತಂದ್ರು. ನಾನು ಮಾರಿದ್ರೆ ಎಲ್ಲಿಂದ ತರ್ಲಿ?" ಎಂದು ಅವನು ನಿಡಿದಾಗಿ ಉಸಿರುಬಿಟ್ಟನು. ನಾವು ಹೇಳಬೇಕೆಂದಿದ್ದ ಮಾತನ್ನು ಅವನೇ ಹೇಳಿದುದರಿಂದ ಮೌನವಾಗಿ ಕುಳಿತೆವು.

ಹಿಂದಿನಿಂದ ಹುಡುಗಿಯು ಕೇರಳದ ವೆಚೂರು ಹಸುವಿನ ಕಥೆಯನ್ನು ಅಜ್ಜಿಗೆ ಓದಿ ಹೇಳುತ್ತಿದ್ದಳು. ಅದೂ ಮೂರಡಿಯ ದನ. ಅಳಿದೇ ಹೋಯಿತೆನ್ನುವ ಸ್ಥಿತಿಯಲ್ಲಿದ್ದಾಗ, ಮಣ್ಣುತ್ತಿಯ ಪಶುವೈದ್ಯ ಮಹಾವಿದ್ಯಾಲಯದ ಪ್ರಾಧ್ಯಾಪಿಕೆ ಸೋಸಮ್ಮ ಐಪ್ ಅವರು 1989ರಲ್ಲಿ ವಿದ್ಯಾರ್ಥಿಗಳೊಡನೆ ಹಳ್ಳಿಹಳ್ಳಿ ತಿರುಗಿ ಉಳಿದಿದ್ದ ಕೆಲವನ್ನು ಕೂಡಿಸಿದರು. ಅದೇ ತಳಿಯ ಮಾಣಿಕ್ಯಂ ಎಂಬ ಹಸು, 61.1 ಸೆಂಟಿಮೀಟರ್ ಎತ್ತರದಿಂದ, ಲೋಕದ ಅತ್ಯಂತ ಗಿಡ್ಡ ಹಸುವೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಸೋಸಮ್ಮನವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. "ಹುಡುಕಿದ್ರೆ ಸಿಗ್ತವೆ ಅನ್ನು" ಎಂದು ಅಜ್ಜಿ ಹೇಳಿದುದು ನಮಗೆ ಕೇಳಿಸಿತು.

ಇದೆಲ್ಲ ನಡೆದು ಐದು ವಾರಗಳಾದವು. ಮೊನ್ನೆ ಮಾಚೇನಹಳ್ಳಿಗೆ ಹೋಗಿದ್ದೆವು. ಶಿಷ್ಯನು ಎಚ್.ಎಫ್. ಹಸುವಿನ ಸಾಲಕ್ಕೆ ಅರ್ಜಿ ಹಾಕಿರುವನು, ಅದನ್ನು ಬಿಟ್ಟಿಲ್ಲ. ಆದರೆ ಗೊಂತಿಗಾಗಿ ಕೆಂಪಿಯನ್ನು ಕಳುಹಿಸಿಲ್ಲ. ಕೊಟ್ಟಿಗೆಯ ಪಕ್ಕದಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸುತ್ತಿದ್ದನು. ಮೂರಡಿಯ ದನಕ್ಕೆ ದೊಡ್ಡ ಚಪ್ಪರ ಬೇಡವಷ್ಟೆ. ಬರುವ ವರ್ಷದ ಪ್ರದರ್ಶನದವರೆಗೆ ಇರಲಿ ಎಂದು ಅವನ ಮಾತು. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಅವನು ಕೊಡಲಿಲ್ಲ, ನಾವು ಕೇಳಲೂ ಇಲ್ಲ. ವೈದ್ಯೆಯು ರುಜು ಮಾಡಿದ ಹಾಳೆಯ ಪ್ರತಿಯನ್ನು ಕನ್ನಡಿಯ ಪಕ್ಕದಲ್ಲಿ ಅಂಟಿಸಿದ್ದಾರೆ. ಬಹುಮಾನದ ಬಕೆಟ್ಟಿನಲ್ಲಿ ಕೆಂಪಿಗೆ ಅಕ್ಕಚ್ಚು ಹುಯ್ಯುತ್ತಾರೆ.

ಮುಂದಿನ ವರ್ಷಕ್ಕೆ ಹತ್ತು ಗಿಡ್ಡಹಸುಗಳು ಬೇಕು. ಹುಡುಗಿಯು ಒಂದು ನೋಟುಪುಸ್ತಕ ಮಾಡಿ, ಭಾನುವಾರಗಳಲ್ಲಿ ಅಜ್ಜಿಯೊಡನೆ ನಿದಿಗೆಯ ಕಡೆಯ ಮನೆಗಳನ್ನು ವಿಚಾರಿಸುತ್ತಿದ್ದಾಳೆ. ಎತ್ತರ, ಎದೆಯ ಸುತ್ತು, ಸೂಲು, ಹಲ್ಲು, ಎಲ್ಲಕ್ಕೂ ಕಲಮುಗಳನ್ನು ಗೆರೆಯೆಳೆದಿದ್ದಾಳೆ. ಹಾಲಿಗೂ ಒಂದು ಕಲಮು ಇದೆ, ಕೊನೆಯಲ್ಲಿ. ಭದ್ರಾವತಿ, ಶಿವಮೊಗ್ಗ ತಾಲೂಕುಗಳ ವಾಚಕರ ಮನೆಯಲ್ಲಿ ಇಂತಹ ದನವಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕಾಗಿ ಕೋರುತ್ತೇವೆ. ಕೆಂಪಿಯೂ ಸೇರಿ ಈವರೆಗೆ ಏಳು ಸಿಕ್ಕಿವೆ.